ಯಂಕಮ್ಮನ ಕುಸುಬಿ ಹಿಂಡಿ

ಎರೆಹೊಸೂರಿನ ಕೆರೆಯ ನೀರು ಯಾರಪ್ಪನದೂ ಅಲ್ಲ, ಸರಕಾರದ್ದು. ಆದರೆ ನೀರೊಳಗಿನ ಮೀನು ತನ್ನದು ಎಂದು ಯಂಕಮ್ಮ ಹೇಳುತ್ತಿದ್ದಳು, ತನ್ನದು ಎಂದು ಅವಳ ಮೈದುನ ಅಂಬಪ್ಪ ಹೇಳುತ್ತಿದ್ದ. ಇಬ್ಬರೂ ಒಂದೇ ಗೋಡೆಯ ಎರಡು ಬದಿಗೆ ಒಲೆ ಹಚ್ಚುವವರು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುವಷ್ಟು ಹತ್ತಿರ. ಇಷ್ಟು ಹತ್ತಿರದವರು ಹಗೆ ಕಟ್ಟಿಕೊಂಡರೆ ಅದಕ್ಕೆ ಅಮಾವಾಸ್ಯೆ ಹುಣ್ಣಿಮೆಯ ಬಿಡುವೂ ಇರುವುದಿಲ್ಲ. ಬೆಳಗ್ಗೆ ಕಸ ಗುಡಿಸುವಾಗ ಶುರುವಾದದ್ದು ರಾತ್ರಿ ಅಗುಳಿ ಹಾಕುವತನಕ ನಡೆಯುತ್ತದೆ.

ನಿಜಾಮನ ಸರಕಾರದ ಕಾಲ ಅದು. ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವ ಬಂಡಿದಾರಿಯಿಂದ ತುಸು ಒಳಗೆ, ಎರೆಹೊಲಗಳ ನಡುವೆ ಈ ಊರು. ಕೆರೆಯಲ್ಲಿ ಮೀನು ಸಾಕಿ ಹಿಡಿಯುವ ಹಕ್ಕು ಊರಿನ ಒಂದು ಕಬ್ಬಲಿಗರ ಮನೆಗೆ. ಬದಲಿಗೆ ಲಿಂಗಸೂಗೂರಿನಿಂದ ದೊಡ್ಡ ಸಾಹೇಬರು ವರ್ಷಕ್ಕೊಮ್ಮೆ ಊರೂರು ತಿರುಗುವ ದೌರಾಕ್ಕೆ ಬಂದು ಡೇರೆ ಹೊಡೆದಾಗ ಅವರ ಅಡಿಗೆಯವನಿಗೆ ಒಳ್ಳೆಯ ಮೀನು ಒಪ್ಪಿಸಬೇಕು. ಯಂಕಮ್ಮನ ಗಂಡ ನರಸಣ್ಣ ಇರುವತನಕ ಇದರಲ್ಲಿ ಒಂದು ತಕರಾರೂ ಇರಲಿಲ್ಲ. ಅವನೂ ತಮ್ಮ ಅಂಬಪ್ಪನೂ ಕೃಷ್ಣಾ ಹೊಳೆಯಿಂದ ಗೆಂಡೆ ಮೀನಿನ ಮರಿಗಳನ್ನು ಗಡಿಗೆಗಳಲ್ಲಿ ತುಂಬಿ ಬಂಡಿಯಲ್ಲಿ ತಂದು ಕೆರೆಗೆ ಬಿಟ್ಟಿದ್ದರು. ಆ ಮರಿಗಳು ಬೆಳೆದು ಮೊಳದುದ್ದ ಆಗುವ ಹೊತ್ತಿಗೆ ನರಸಣ್ಣನನ್ನು ಹೊಲದಲ್ಲಿ ಹಾವು ಕಡಿಯಿತು. ಮಂತ್ರ ಹಾಕುವವನನ್ನು ಕರೆತರುವುದರೊಳಗೆ ಜೀವ ಹೋಗಿತ್ತು. ಮಕ್ಕಳಿರಲಿಲ್ಲ.

ಮಣ್ಣು ಕೊಟ್ಟು ಬಂದು ಇನ್ನೂ ಸೂತಕ ಕಳೆದಿರಲಿಲ್ಲ, ಅಂಬಪ್ಪ ಅಣ್ಣನ ಬಲೆಯನ್ನು ಗೂಟದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡ.

"ಗಂಡಸಿಲ್ಲದ ಮನಿಗೆ ಕೆರಿ ಯಾಕ ಬೇಕು ಅತ್ತಿಗಿ? ನಿನಗ ಎರಡು ಹೊತ್ತು ನನ್ನ ಮನ್ಯಾಗ ಉಣ್ಣಾಕ ಹಾಕ್ತೀನಿ," ಎಂದ.

ಆ ಮಾತನ್ನು ಅವನು ಕೆಟ್ಟ ಮನಸ್ಸಿನಿಂದ ಆಡಿದನೋ ಒಳ್ಳೆಯ ಮನಸ್ಸಿನಿಂದ ಆಡಿದನೋ ಆ ಶಿವನೇ ಬಲ್ಲ. ಯಂಕಮ್ಮನಿಗೆ ಮಾತ್ರ ಅದು ಎದೆಗೆ ಒದ್ದ ಹಾಗಾಯಿತು. ಇಪ್ಪತ್ತು ವರ್ಷ ಆ ಮನೆಯಲ್ಲಿ ಬಲೆ ಹೆಣೆದವಳು ಅವಳು, ಮೀನು ಹೊತ್ತು ಮಸ್ಕಿಯ ಸಂತೆಗೆ ನಡೆದವಳು ಅವಳು. ಈಗ ಮೈದುನನ ಹೆಂಡತಿ ನೀಡುವ ರೊಟ್ಟಿಗೆ ಅವಳು ಕೈ ಒಡ್ಡಬೇಕಂತೆ. ಅವಳು ಎದ್ದುಬಂದು ಬಲೆಯನ್ನು ಅವನ ಹೆಗಲಿನಿಂದ ಕಿತ್ತುಕೊಂಡಳು.

"ನಿನ್ನ ಮನಿ ಕೂಳು ಉಣ್ಣೂದಕ್ಕಿಂತ ಕೆರ್ಯಾಗ ಬಿದ್ದು ಸಾಯ್ತೀನಿ. ಹೊಸ್ತಿಲ ದಾಟು, ಹೋಗಲೇ."

ಜಗಳ ಚಾವಡಿಗೆ ಹೋಯಿತು. ಕಂದಾಯ ನೋಡುವ ಗಿರ್ದಾವರ ಮಸ್ತಾನಸಾಬ ಕುದುರೆಯ ಮೇಲೆ ಬಂದವನು ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ, ಬಿಸಿಲೇರುವ ಮೊದಲು ಮುಂದಿನ ಊರು ಮುಟ್ಟಬೇಕೆಂಬ ಅವಸರದಲ್ಲಿ ಫೈಸಲಾ ಹೇಳಿಬಿಟ್ಟ.

"ಈ ಸಲದ ದೌರಾತನಕ ಕೆರಿ ಈ ಹೆಣ್ಮಗಳ ಕೈಯಾಗ ಇರ್ಲಿ. ಸಾಹೇಬ್ರು ಬಂದಾಗ ಮೀನು ಛಲೋ ಇದ್ರ ಪಟ್ಟಾ ಇಕಿ ಹೆಸರಿಗೆ. ಇಕಿ ಕೈಯಾಗ ಮೀನು ಕೆಟ್ರ ಮೈದುನನ ಹೆಸರಿಗೆ. ಇನ್ನ ಯಾರೂ ಬಾಯಿ ತಗೀಬ್ಯಾಡ್ರಿ."

ಅಂದಿನಿಂದ ಯಂಕಮ್ಮನಿಗೆ ಉಳಿದದ್ದು ಒಂದೇ ಕೆಲಸ, ಸಾಹೇಬರು ಬರುವುದರೊಳಗೆ ಮೀನುಗಳನ್ನು ಕೊಬ್ಬಿಸುವುದು. ಉಳಿದದ್ದು ಒಂದೇ ಹೆದರಿಕೆ, ಅಂಬಪ್ಪ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅಂತಾರಲ್ಲ, ಅವಳಿಗೆ ಕೆರೆಯ ದಂಡೆಯಲ್ಲಿ ಒಂದು ಹೆಜ್ಜೆ ಗುರುತು ಕಂಡರೆ ಅದು ಅಂಬಪ್ಪನದು, ಒಂದು ಮೀನು ಕಡಿಮೆ ಎನಿಸಿದರೆ ಅದು ಅಂಬಪ್ಪನ ಹೊಟ್ಟೆಯಲ್ಲಿ.

ಕೆರೆಗೆ ಎಮ್ಮೆ ಹೊಡೆದುಕೊಂಡು ಬರುವ ನೆಪದಲ್ಲಿ ಅವನು ಮೀನು ಹೊಡೆಯುತ್ತಾನೆ ಎಂದು ಅವಳು ಪೊಲೀಸ್ ಪಾಟೀಲ ಬಸವಂತರಾಯನ ಬಳಿ ಹೋಗಿ ಅತ್ತಳು. ಬಸವಂತರಾಯ ಲಿಂಗವಂತ, ಮೀನಿನ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುವವನು. ಆದರೂ ಸಾಹೇಬರ ಡೇರೆಗೆ ಮೀನು ತಪ್ಪಿದರೆ ಮಾತು ಬರುವುದು ತನಗೆ ಎಂದು ಅವನಿಗೂ ಗೊತ್ತಿತ್ತು. ತಳವಾರನಿಂದ ಡಂಗುರ ಹೊಡೆಸಿದ. ದೌರಾ ಮುಗಿಯುವತನಕ ಯಾರ ಎಮ್ಮೆಯೂ ಕೆರೆಗಿಳಿಯಕೂಡದು, ಯಾರೂ ಬಟ್ಟೆ ಒಗೆಯಕೂಡದು. ಊರವರು ಎಮ್ಮೆಗಳನ್ನು ದೂರದ ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತ ಯಂಕಮ್ಮನ ವಂಶಕ್ಕೆಲ್ಲ ಬಯ್ದರು. ಬಯ್ಯಲು ವಂಶವೇ ಇರಲಿಲ್ಲವಾದ್ದರಿಂದ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕಲಕುವವರಿಲ್ಲದೆ ಕೆರೆಯ ನೀರು ತಟ್ಟೆಯಲ್ಲಿ ಇಟ್ಟ ಅಂಬಲಿಯ ಹಾಗೆ ಕೆನೆಗಟ್ಟಿ ನಿಂತಿತು.

ಹಳ್ಳದಿಂದ ಕೆರೆಗೆ ಹೊಸ ನೀರು ತರುವ ಒಂದು ಸಣ್ಣ ಕಾಲುವೆ ಇತ್ತು. ಅದರ ಬಾಯಲ್ಲಿ ಅಂಬಪ್ಪ ಬಿದಿರಿನ ಕೂಳಿ ಇಟ್ಟು ಹತ್ತಿ ಬರುವ ಮೀನನ್ನು ಹಿಡಿಯುತ್ತಾನೆ ಎಂದು ಯಂಕಮ್ಮ ಆ ಬಾಯಿಗೆ ಜಾಲಿಮುಳ್ಳು ತುರುಕಿ, ಮೇಲೆ ಎರೆಮಣ್ಣು ಮೆತ್ತಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದಳು. ಅವನು ಎಂದೂ ಅಲ್ಲಿ ಕೂಳಿ ಇಟ್ಟಿರಲಿಲ್ಲ. ಇಡಬಹುದಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು.

ಇನ್ನು ಮೇವು. ಗಾಣದ ಮನೆಯಿಂದ ಕುಸುಬಿ ಹಿಂಡಿ ತಂದು, ಒನಕೆಯಲ್ಲಿ ಕುಟ್ಟಿ, ಬೆಳಗಾಗುವ ಮುಂಚೆ ಬುಟ್ಟಿ ತುಂಬಿಕೊಂಡು ಏರಿಯ ಮೇಲೆ ಹೋಗುತ್ತಿದ್ದಳು. ನರಸಣ್ಣ ಎಂದೋ ಒಮ್ಮೆ ಒಂದು ಹಿಡಿ ಚೆಲ್ಲುತ್ತಿದ್ದದ್ದನ್ನು ಅವಳು ದಿನಾ ಬುಟ್ಟಿಗಟ್ಟಲೆ ಚೆಲ್ಲಿದಳು. ಗಂಡ ಸಾಕಿದ್ದಕ್ಕಿಂತ ಎರಡು ಪಟ್ಟು ದಪ್ಪ ಸಾಕಿ ತೋರಿಸುತ್ತೇನೆ, ಆ ಅಂಬ್ಯಾನ ಕಣ್ಣು ಉರಿದು ಬೀಳಲಿ ಎಂಬುದು ಅವಳ ಮನಸ್ಸಿನ ಮಾತು. ಮೊದಮೊದಲು ಮೀನು ತಿಂದವು. ಆಮೇಲೆ ತಿಂದವೋ ಬಿಟ್ಟವೋ ಮೇಲಿನಿಂದ ಕಾಣುತ್ತಿರಲಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ನೀರು ಪಾಚಿಯ ಹಸಿರಿಗೆ ತಿರುಗಿ, ಹಸಿರಿನಿಂದ ಕಪ್ಪಿಗೆ ತಿರುಗುತ್ತಿತ್ತು.

ಹಿಂಗಾರಿನ ಬಿತ್ತಿಗೆ ಮುಗಿದ ಮೇಲೆ ಆಕಾಶಕ್ಕೆ ಮೋಡ ಕವಿಯಿತು. ಮಳೆಯೂ ಇಲ್ಲ ಗಾಳಿಯೂ ಇಲ್ಲ, ಸುಮ್ಮನೆ ಮಬ್ಬು. ಒಂದು ನಸುಕಿನಲ್ಲಿ ಯಂಕಮ್ಮ ಏರಿ ಹತ್ತಿದಾಗ ಕೆರೆಯ ತುಂಬ ಮೀನಿನ ಬಾಯಿಗಳೇ ಕಂಡವು. ಗೆಂಡೆಗಳು ಸಾಲುಗಟ್ಟಿ ನೀರಿನ ಮೇಲೆ ಮೂತಿ ಎತ್ತಿ ಬಾಯಿ ತೆರೆದು ಮುಚ್ಚುತ್ತಿದ್ದವು. ನುಚ್ಚು ಕುದಿಯುವಾಗ ಏಳುವ ಸದ್ದಿನಂತೆ ಪಿಚಪಿಚ ಎಂಬ ಸದ್ದು ದಂಡೆಯಿಂದ ದಂಡೆಗೆ ಕೇಳುತ್ತಿತ್ತು.

ಅವಳಿಗೆ ಕಣ್ಣಲ್ಲಿ ನೀರು ಬಂತು. ತನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟದವಳಿಗೆ ಕೆರೆಯ ತುಂಬ ಮಕ್ಕಳು ಬಾಯಿ ತೆರೆದು ಉಣ್ಣಲು ಕೇಳಿದ ಹಾಗಾಯಿತು. "ಹಸದಾವ ನನ್ನ ಕೂಸುಗಳು," ಎಂದು ಬುಟ್ಟಿಯ ಹಿಂಡಿಯನ್ನೆಲ್ಲ ಸುರಿದು, ಮನೆಗೆ ಓಡಿ ಇನ್ನೊಂದು ಬುಟ್ಟಿ ತಂದಳು. ಬೆಳಕು ಮೂಡಿ ಹೊತ್ತೇರಿದಾಗ ಮೀನುಗಳು ಕೆಳಗಿಳಿದವು. ಉಂಡು ತೃಪ್ತಿಯಾಗಿ ಮಲಗಿದವು ಎಂದುಕೊಂಡಳು.

ಮರುದಿನವೂ ಬಂದವು, ಅದರ ಮರುದಿನವೂ. ಸುದ್ದಿ ಊರಾಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ, ಬಯ್ಯುವುದನ್ನು ಬಿಟ್ಟು ನೋಡಲು ಬಂದರು. ಬಸವಂತರಾಯ ಮೂಗಿಗೆ ಧೋತರದ ಚುಂಗು ಹಿಡಿದುಕೊಂಡು ಏರಿಯ ಮೇಲೆ ನಿಂತ.

"ಎಲಾ ಇವನ, ಮೀನು ನಿನ್ನ ಮಾತು ಕೇಳ್ತಾವಲ್ಲ ಯಂಕಮ್ಮ. ಸಾಹೇಬ್ರು ನೋಡಿದ್ರ ಇನಾಮ ಕೊಡ್ತಾರ," ಎಂದ.

ಕಬ್ಬಲಿಗರ ಹೊಟ್ಟೆಯಲ್ಲಿ ಹುಟ್ಟಿ ಕಬ್ಬಲಿಗರ ಮನೆ ಹೊಕ್ಕವಳು ಅವಳು. ಅವಳ ಕಣ್ಣಿಗೆ ಕಾಣಬೇಕಾದದ್ದೆಲ್ಲ ಕಂಡಿತ್ತು. ಒಂದು ಮೀನನ್ನು ಬಲೆ ಹಾಕಿ ಎತ್ತಿದಾಗ ಅದು ಬಾಲ ಬಡಿಯದೆ ಒದ್ದೆ ಅರಿವೆಯ ಹಾಗೆ ಜೋತುಬಿದ್ದಿತ್ತು. ಕೈಯಲ್ಲಿ ಹಿಡಿದರೆ ಪೊರೆ ಕಿತ್ತು ಅಂಗೈಗೆ ಅಂಟಿತ್ತು. ರೆಕ್ಕೆಯ ಬುಡದಲ್ಲಿ ಕೆಂಪು ಹುಣ್ಣು, ಮೈಮೇಲೆಲ್ಲ ಲೋಳೆ. ತಲೆ ದಪ್ಪ, ಬೆನ್ನು ಸಣ್ಣ. ಕೆಲವು ಮೀನು ತೂಬಿನ ಕಲ್ಲಿಗೆ ಪಕ್ಕೆ ಉಜ್ಜುತ್ತಿದ್ದವು. ಬೇರೆ ಯಾರ ಕೆರೆಯ ಮೀನಾದರೂ ಇವಕ್ಕೆ ರೋಗ ಎಂದು ಅವಳೇ ಮೊದಲು ಹೇಳುತ್ತಿದ್ದಳು. ತನ್ನ ಕೆರೆಯ ಮೀನಾದ್ದರಿಂದ ಅವು ಸಾಧು ಆಗಿವೆ, ತನ್ನ ಕೈಗೆ ಪಳಗಿವೆ ಎಂದಳು. ಹುಣ್ಣು ಅಂಬಪ್ಪ ಕದ್ದು ಹಾಕಿದ ಬಲೆಯ ಗಾಯ ಎಂದಳು.

ಅಂಬಪ್ಪ ಒಂದು ದಿನ ಸಹಿಸಲಾರದೆ, ಜನ ನೋಡುತ್ತಿರುವಾಗಲೇ ಏರಿ ಹತ್ತಿ ಬಂದ.

"ಅತ್ತಿಗಿ, ಅವು ಹಸದು ಮ್ಯಾಲ ಬರಾಕತ್ತಿಲ್ಲ. ಉಸುರು ಸಾಲದ ಬರಾಕತ್ತಾವ. ನೀರು ಕೊಳತೈತಿ. ಹಿಂಡಿ ನಿಲ್ಸು, ಕಾಲುವಿ ಬಾಯಿ ಬಿಡು."

"ಬಿಡ್ತೀನಿ, ನೀ ಕೂಳಿ ಇಟ್ಟು ಬಾಚಿಕೊಂಡು ಹೋಗು ಅಂತ."

"ನೀರಿನ ವಾಸನಿ ನೋಡು. ನಾಯಿ ಕುಡಿಯಾಂಗಿಲ್ಲ ಇದನ್ನ."

"ನೀ ಕುಡದಿ ಅಂತ ಅದು ಬಿಟ್ಟಿರಬೇಕು," ಎಂದಳು ಯಂಕಮ್ಮ. ನಿಂತವರು ನಕ್ಕರು.

ಅಂಬಪ್ಪನ ಮುಖ ಕಪ್ಪಿಟ್ಟಿತು. ಅವನೂ ಉಪ್ಪು ಖಾರ ತಿಂದ ಮನುಷ್ಯ. "ಸತ್ರ ಸಾಯ್ಲಿ ಬಿಡು. ಒಂದೊಂದೂ ಸಾಯ್ಲಿ. ಸತ್ರ ಕೆರಿ ನನ್ನ ಹೆಸರಿಗೆ ಬರ್ತೈತಿ, ನನಗೇನು ತ್ರಾಸ," ಎಂದು ಉಗುಳಿ ಹೋದ. ಆ ಮಾತನ್ನು ಇಡೀ ಊರು ಕೇಳಿತು.

ಸಾಹೇಬರ ಡೇರೆಯ ಗೂಟಗಳು ಲಿಂಗಸೂಗೂರಿನಿಂದ ಹೊರಟವು ಎಂಬ ಸುದ್ದಿ ಬಂದ ನಸುಕಿನಲ್ಲಿ, ಯಂಕಮ್ಮ ಬುಟ್ಟಿ ಹೊತ್ತು ಬರುವಾಗ ಕೆರೆಯ ಕಡೆಯಿಂದ ಧಪಧಪ ಎಂಬ ಸದ್ದು ಕೇಳಿತು. ನೀರಲ್ಲಿ ಸೊಂಟದ ಮಟ ಇಳಿದು ನಿಂತ ಅಂಬಪ್ಪ, ಕೈಯಲ್ಲಿ ಒಂದು ಹಸಿ ಟೊಂಗೆಯ ಬರಲು ಹಿಡಿದು ನೀರನ್ನು ಬಡಿಯುತ್ತಿದ್ದ. ಬಡಿದಲ್ಲೆಲ್ಲ ಬೆಳ್ಳನೆ ನೊರೆ ಏಳುತ್ತಿತ್ತು.

ಆ ಸೀಮೆಯ ಮೀನುಗಾರರಿಗೆ ಆ ನೋಟಕ್ಕೆ ಒಂದೇ ಅರ್ಥ. ಬೇರೆಯವರ ಮಡುವಿನ ಮೀನು ಕದಿಯಬೇಕಾದರೆ ಕಳ್ಳಿಯ ಬರಲು ಜಜ್ಜಿ ನೀರಿಗೆ ಬಡಿಯುತ್ತಾರೆ. ಕಳ್ಳಿಯ ಹಾಲು ನೀರಿಗೆ ಬಿಟ್ಟುಕೊಂಡು ಮೀನು ಅಮಲೇರಿ ತೇಲುತ್ತವೆ. ಹಾಗೆ ಮಾಡಿದವನನ್ನು ಜಾತಿಯ ಕಟ್ಟೆಯ ಮೇಲೆ ಕೂಡಿಸಿ ಚಪ್ಪಲಿಯಲ್ಲಿ ಹೊಡೆಯುತ್ತಾರೆ. ಯಂಕಮ್ಮ ಬುಟ್ಟಿಯನ್ನು ಅಲ್ಲೇ ಒಗೆದು ಬಾಯಿ ಬಡಿದುಕೊಳ್ಳುತ್ತ ಊರ ಕಡೆ ಓಡಿದಳು. ಬೇವಿನ ಬರಲಿಗೂ ಕಳ್ಳಿಯ ಬರಲಿಗೂ ಭೇದ ಗೊತ್ತಿಲ್ಲದ ಕೂಸೇನಲ್ಲ ಅವಳು. ಹತ್ತು ಹೆಜ್ಜೆ ಮುಂದೆ ಹೋಗಿ ನೋಡಿದ್ದರೆ ಬೇವಿನ ಎಲೆ ಕಾಣುತ್ತಿದ್ದವು. ಹೋಗಲಿಲ್ಲ. ನೋಡಬೇಕೆಂದು ಇಷ್ಟು ದಿನ ಕಾದದ್ದು ಕಣ್ಣಿಗೆ ಬಿದ್ದಿರುವಾಗ ಯಾರು ಹತ್ತಿರ ಹೋಗಿ ನೋಡುತ್ತಾರೆ?

ಜನ ಬರುವ ಹೊತ್ತಿಗೆ ಬರಲಿನ ಎಲೆಯೆಲ್ಲ ಉದುರಿ ಬರಿ ಕೋಲು ಉಳಿದಿತ್ತು. ನೊರೆ ಮಾತ್ರ ದಂಡೆಗೆ ಬಂದು ಗಟ್ಟಿಯಾಗಿ ನಿಂತಿತ್ತು. "ಕಳ್ಳಿ ಹಾಲು," ಎಂದ ಒಬ್ಬ. ಕೊಳೆತ ನೀರನ್ನು ಬಡಿದರೆ ನೊರೆ ಏಳದೆ ಮತ್ತೇನು ಎದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ. ಅಂಬಪ್ಪನನ್ನು ಎಳೆದು ತಂದು ಬಸವಂತರಾಯನ ಮುಂದೆ ನಿಲ್ಲಿಸಿದರು.

"ಕಳ್ಳಿ ಅಲ್ಲರಿ ಧಣಿ, ಬೇವಿನ ಬರಲು. ನೀರು ಬಡದ್ರ ಮೀನಿಗೆ ಉಸುರು ಸಿಗ್ತೈತಿ. ಹೊಳಿಯಿಂದ ಮರಿ ತರುವಾಗ ದಾರಿ ತುಂಬ ಗಡಿಗ್ಯಾಗಿನ ನೀರು ಬಡಕೋತ ಬಂದೋನು ನಾ. ಇಲ್ಲಾಂದ್ರ ಅರ್ಧ ದಾರ್‍ಯಾಗ ಸಾಯ್ತಿದ್ವು."

"ಮೀನು ಸಾಯ್ಲಿ, ಕೆರಿ ನನಗ ಬರ್ತೈತಿ ಅಂದೋನೂ ನೀನ ಅಲ್ಲೇನು?"

"ಸಿಟ್ಟಿನ್ಯಾಗ ಅಂದೆ. ಈಕಿ ಸಲುವಾಗಿ ನೀರಿಗಿಳಿದಿಲ್ಲ ನಾ. ಈಕಿ ಹಾಳಾಗಿ ಹೋಗ್ಲಿ. ನನ್ನ ಕೈಯಾರ ತಂದ ಮರಿ ಅವು, ಬಾಯಿ ಬಿಟ್ಟು ಸಾಯೂದನ್ನ ಹೆಂಗ ನೋಡ್ಲಿ?"

ಇದಕ್ಕೆ ಯಂಕಮ್ಮ ಉತ್ತರ ಕೊಟ್ಟಳು. "ಅಣ್ಣ ಸತ್ತಾಗ ಕಣ್ಣಾಗ ಒಂದು ಹನಿ ನೀರು ತರಲಿಲ್ಲ. ಮೀನಿಗೆ ಅಳಾಕ ಬಂದಾನ."

ಬಸವಂತರಾಯನಿಗೆ ಬೇಕಾದದ್ದು ಶಾಂತಿ. ಸಾಹೇಬರು ಬಂದುಹೋಗುವತನಕ ಅಂಬಪ್ಪ ಚಾವಡಿಯಲ್ಲಿ ಇರಲಿ ಎಂದು ಕಂಬಕ್ಕೆ ಕಟ್ಟಿಸಿದ. ಯಂಕಮ್ಮನಿಗೆ ಅಂದು ಗಂಡ ಸತ್ತಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಸೇರಿತು.

ಸಂಜೆ ಅಂಬಪ್ಪನ ಹೆಂಡತಿ ಬಸ್ಸಮ್ಮ ಬಾಗಿಲಿಗೆ ಬಂದಳು. ಮಾತು ಕಡಿಮೆಯ ಹೆಣ್ಣು ಅವಳು, ಮನೆಗಳ ಜಗಳದಲ್ಲಿ ಎಂದೂ ದನಿ ಎತ್ತಿದವಳಲ್ಲ. ಹೊಸ್ತಿಲ ಆಚೆಗೇ ನಿಂತಳು.

"ಯಕ್ಕಾ, ಅವರು ಹೇಳಿ ಕಳ್ಸ್ಯಾರ. ನನ್ನ ಬಿಡ್ಸೂದು ಬ್ಯಾಡ, ಕಾಲುವಿ ಬಾಯಿ ಬಿಡ್ಸು ಅನ್ನು ಅಂದ್ರು. ಹಿಂಡಿ ಹಾಕಬ್ಯಾಡ ಅಂದ್ರು."

"ಹಿಂಡಿ ಹಾಕದಿದ್ರ ಮೀನು ಬತ್ತಿ ಹೋಗ್ತಾವ, ಸಾಹೇಬ್ರ ಮುಂದ ನನ್ನ ಮೂಗು ಕೊಯ್ಯೂದು ಅಂತ. ಕಂಬಕ್ಕ ಕಟ್ಟಿದ್ರೂ ಅವನ ಬುದ್ಧಿ ಬಿಡವಲ್ದು. ಹೋಗ, ನಿನ್ನ ಗಂಡಗ ಗಂಜಿ ಕಾಸು."

ಬಸ್ಸಮ್ಮ ಹೋದಳು. ಯಂಕಮ್ಮ ಅವಳ ಬೆನ್ನಿಗೆ ಕೇಳುವಂತೆ ಒನಕೆ ಎತ್ತಿ ಹಿಂಡಿ ಕುಟ್ಟಿದಳು. ಮರುದಿನ ಬೆಳಗ್ಗೆ ಎರಡು ಬುಟ್ಟಿಯ ಬದಲು ಮೂರು ಬುಟ್ಟಿ ಚೆಲ್ಲಿದಳು. ಬೇಡ ಎಂದವನು ಅಂಬಪ್ಪನಲ್ಲದೆ ಬೇರೆ ಯಾರಾದರೂ ಆಗಿದ್ದರೆ ಒಂದು ಹಿಡಿಯಾದರೂ ಕಡಿಮೆ ಹಾಕುತ್ತಿದ್ದಳೋ ಏನೋ. ಮೋಡ ಹಾಗೆಯೇ ಇತ್ತು. ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ಸಾಹೇಬರ ಡೇರೆ ಊರ ಮುಂದಿನ ಹುಣಸೆ ಗಿಡಗಳ ಕೆಳಗೆ ಎದ್ದು ನಿಂತಿತು. ನಾಳೆ ಬೆಳಗ್ಗೆ ಹೊತ್ತು ಹುಟ್ಟುವಾಗ ಕೆರೆ ನೋಡಲು ಬರುತ್ತಾರಂತೆ, ಮೀನು ಬಾಯಿ ತೆರೆದು ಬರುವುದನ್ನು ನೋಡಬೇಕಂತೆ ಎಂದು ಮಸ್ತಾನಸಾಬ ಹೇಳಿ ಹೋದ.

ಬೆಳಗ್ಗೆ ಯಂಕಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದ ಒಂದು ಇಳಕಲ್ ಸೀರೆ ಉಟ್ಟು ಏರಿ ಹತ್ತಿದಳು. ಬಾಯಿ ತೆರೆದ ಮೀನು ಒಂದೂ ಕಾಣಲಿಲ್ಲ. ಕೆರೆಯ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ದಂಡೆಗೆ ಬಂದು ಒಂದರ ಮೇಲೊಂದು ಬಿದ್ದಿದ್ದವು, ಮೊಳದುದ್ದದವು, ದೊಡ್ಡವೇ ಮೊದಲು ಸತ್ತಿದ್ದವು. ಅವಳು ಅಲ್ಲೇ ಕೂತಳು. ಅತ್ತರೆ ಅಳುವುದು ಮೀನಿಗೋ ಕೆರೆಗೋ ಗಂಡನಿಗೋ ತಿಳಿಯಲಿಲ್ಲ.

ಸಾಹೇಬರು ಬಂದರು. ಬಿಳಿ ಗಡ್ಡದ, ನಿಧಾನ ಮಾತಿನ ಮನುಷ್ಯ. ಜೊತೆಗೆ ಮಸ್ತಾನಸಾಬ, ಬಸವಂತರಾಯ, ಹಿಂದೆ ಇಡೀ ಊರು. ಅಂಬಪ್ಪನನ್ನೂ ಚಾವಡಿಯಿಂದ ಹಗ್ಗ ಹಿಡಿದು ತಂದಿದ್ದರು. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಉರ್ದುವಿನಲ್ಲಿ ಏನೋ ಕೇಳಿದರು.

"ಇದು ಜಹರ್, ಅಂದ್ರ ವಿಷ ಹಾಕಿದ್ದೇನು ಅಂತ ಕೇಳ್ತಾರ," ಎಂದ ಮಸ್ತಾನಸಾಬ.

ಬಸವಂತರಾಯ ತಲೆ ಕೆರೆದುಕೊಂಡ. "ಇವನ್ನ ಕಟ್ಟಿಹಾಕಿದ ಮ್ಯಾಲ ಸತ್ತಾವ್ರಿ ಹುಜೂರ್. ಆದ್ರ ಕಳ್ಳಿ ಅದಕ್ಕೂ ಮುಂಚೇನ ಬಡದಾನ. ಒಳಗೊಳಗ ಏರಿ ಈಗ ಸತ್ತಿರಬೇಕು. ನನಗ ಮೀನಿನ ವಿಚಾರ ತಿಳಿಯಾಂಗಿಲ್ಲ. ಯಂಕಮ್ಮಗ ತಿಳಿತೈತಿ. ಮೀನು ಕೊಯ್ದು ನೋಡಿ ಆಕಿ ಏನು ಹೇಳ್ತಾಳ ಅದ ಖರೆ."

ಯಂಕಮ್ಮನ ಕೈಗೆ ಈಳಿಗೆ ಕೊಟ್ಟರು. ಅವಳು ದಂಡೆಯ ಒಂದು ದೊಡ್ಡ ಗೆಂಡೆಯನ್ನು ಎತ್ತಿಕೊಂಡಳು. ಕಳ್ಳಿ ಹಾಲಿಗೆ ಸತ್ತ ಮೀನಿನ ಕಿವಿರು ಬೆಂದ ಹಾಗೆ ಊದಿ ಕೆಂಪಾಗಿರುತ್ತದೆ, ಕಣ್ಣಿಗೆ ಬಿಳಿ ಪೊರೆ ಬರುತ್ತದೆ. ಅವಳ ಅಪ್ಪ ತೋರಿಸಿಕೊಟ್ಟಿದ್ದ. ಇದರ ಕಣ್ಣು ತಿಳಿಯಾಗಿತ್ತು. ಕಿವಿರು ಎತ್ತಿ ನೋಡಿದಳು, ರಕ್ತವಿಲ್ಲದೆ ಬೂದಿಯ ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಹೊಟ್ಟೆ ಸೀಳಿದಳು.

ಹೊಟ್ಟೆಯೊಳಗೆ ಒಂದು ಚೂರು ಹಿಂಡಿ ಇರಲಿಲ್ಲ. ಕರುಳು ಬತ್ತಿ ದಾರದಂತಾಗಿತ್ತು. ಇನ್ನೊಂದು ಮೀನನ್ನು ಎಳೆದು ಸೀಳಿದಳು, ಅದರ ಹೊಟ್ಟೆಯೂ ಬರಿದು. ಮೂರನೆಯದನ್ನೂ ಸೀಳಿದಳು. ಅವು ಬಾಯಿ ತೆರೆದು ಮೇಲೆ ಬರತೊಡಗಿದ ಮೇಲೆ ಅವಳು ಸುರಿದ ಬುಟ್ಟಿಗಳಲ್ಲಿ ಒಂದು ತುತ್ತೂ ಇವುಗಳ ಗಂಟಲಿಗಿಳಿದಿರಲಿಲ್ಲ. ಎಲ್ಲವೂ ಕೆರೆಯ ತಳದಲ್ಲಿ ಬಿದ್ದು ಕೊಳೆಯುತ್ತಿತ್ತು, ಆ ಕೊಳೆ ನೀರಿನ ಉಸಿರು ಹೀರುತ್ತಿತ್ತು. ಬಾಯಿ ತೆರೆದು ಬಂದಾಗಲೆಲ್ಲ ಅವು ಗಾಳಿ ಕೇಳಿದ್ದವು. ಅವಳು ಅವುಗಳ ಬಾಯಿಗೆ ಮಣ್ಣು ಹಾಕಿದ್ದಳು.

ತಲೆ ಎತ್ತಿದಾಗ ಅಂಬಪ್ಪ ಅವಳ ಕೈಯಲ್ಲಿದ್ದ ಕರುಳನ್ನೇ ನೋಡುತ್ತಿದ್ದ. ಅವನಿಗೂ ಎಲ್ಲ ಕಂಡಿತ್ತು. ಕಂಡಿದೆ ಎಂಬುದು ಅವಳಿಗೂ ಕಂಡಿತು. ಉಳಿದವರಿಗೆ ಅದು ಬರೀ ಮೀನಿನ ಹೊಲಸು.

"ಏನು ಹೇಳ್ತೀ?" ಎಂದ ಮಸ್ತಾನಸಾಬ.

ಕಳ್ಳಿಯಲ್ಲ ಎಂದರೆ ಅಂಬಪ್ಪನ ಹಗ್ಗ ಬಿಚ್ಚುತ್ತಾರೆ. ಅವಳ ಕೈಯಲ್ಲಿ ಮೀನು ಕೆಟ್ಟಂತಾಗಿ ಕೆರೆ ಅವನ ಹೆಸರಿಗೆ ಹೋಗುತ್ತದೆ. ನಾಳೆಯಿಂದ ಗೋಡೆಯ ಆ ಬದಿಗೆ ಹೋಗಿ, ಗಂಗಾಳ ಹಿಡಿದು ಕೂತು, ಬಸ್ಸಮ್ಮ ಹಾಕಿದಷ್ಟು ಉಣ್ಣಬೇಕು. ಅವನು ಎದುರಿಗೆ 'ಉಣ್ಣು ಅತ್ತಿಗಿ' ಎನ್ನುತ್ತಾನೆ. ಆ ದನಿ ಈಗಲೇ ಅವಳ ಕಿವಿಗೆ ಬಿತ್ತು.

"ಕಳ್ಳಿರಿ," ಎಂದಳು ಯಂಕಮ್ಮ. "ಕಿವಿರು ಬೆಂದಾವ."

ಸಾಹೇಬರು ತಲೆಯಾಡಿಸಿ ಎರಡು ಮಾತು ಹೇಳಿ ತಿರುಗಿ ನಡೆದರು. ಇಂಥವನನ್ನು ಬಿಟ್ಟರೆ ನಾಳೆ ಬಾವಿಗೂ ಹಾಕುತ್ತಾನೆ, ಲಿಂಗಸೂಗೂರಿಗೆ ಕಳಿಸಿರಿ, ಕೆರೆ ಹೆಣ್ಣುಮಗಳಿಗೇ ಇರಲಿ, ಅದು ಹುಕುಂ. ಸಿಪಾಯಿಗಳು ಹಗ್ಗ ಜಗ್ಗಿದರು. ಅಂಬಪ್ಪ ಮೊದಲು ಬಸವಂತರಾಯನಿಗೆ ಹೇಳಿದ, "ಧಣಿ, ಹೊಟ್ಟಿ ಬರಿದೈತಿ, ನೀವ ನೋಡ್ರಿ." ಬಸವಂತರಾಯ ನೋಡುವುದಿರಲಿ, ಹೇಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಆಗ ಅವನು ಯಂಕಮ್ಮನ ಕಡೆ ತಿರುಗಿದ. ಶಾಪ ಹಾಕುತ್ತಾನೆ ಎಂದು ಎಲ್ಲರೂ ಕಿವಿ ನಿಮಿರಿಸಿದರು. ಹಾಕಿದ ಕೂಡ.

"ನಿನ್ನ ಬಾಯಾಗ ಹುಳ ಬೀಳ್ಲಿ, ಪಾಪಿ. ಎಲ್ಲಾ ಸತ್ತಿಲ್ಲ ಇನ್ನೂ. ತೂಬಿನ ಹತ್ರ ಒಂದಿಷ್ಟು ಜೀವ ಹಿಡದಾವ. ಇವತ್ತ ಕಾಲುವಿ ಬಿಡ್ಸು. ತಳದಾಗಿನ ರಾಡಿ ಎತ್ತಿ ಹಾಕು. ಎಮ್ಮಿ ಇಳ್ಯಾಕ ಬಿಡು. ಇನ್ನೊಂದು ಹಿಡಿ ಹಿಂಡಿ ಹಾಕಿದ್ರ ನಿನ್ನ ಕೈ ಸೇದಿ ಹೋಗ್ಲಿ."

ಜನ ಅವನನ್ನು ನೂಕಿಕೊಂಡು ಹೋದರು. ಏರಿಯ ಮೇಲೆ ಯಂಕಮ್ಮ ಒಬ್ಬಳೇ ಉಳಿದಳು. ಗೆದ್ದಿದ್ದಳು. ಅವನನ್ನು ಒಯ್ಯುವ ಬಂಡಿಯ ಗಾಲಿಯ ಸದ್ದು ಪೂರ್ತಿ ಅಡಗುವತನಕ ಕೂತಿದ್ದು, ಆಮೇಲೆ ಇಳಕಲ್ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಕಾಲುವೆಯ ಬಾಯಿಗೆ ಹೋಗಿ ಮುಳ್ಳು ಕಿತ್ತಳು. ಎರೆಮಣ್ಣು ಒಣಗಿ ಕಲ್ಲಾಗಿತ್ತು, ತಾನೇ ತುಳಿದು ಗಟ್ಟಿ ಮಾಡಿದ್ದು. ಮುಳ್ಳು ಅಂಗೈಯಲ್ಲಿ ಮುರಿಯಿತು. ಹಳ್ಳದ ನೀರು ಒಳನುಗ್ಗಿದಾಗ ತೂಬಿನ ಕಡೆಯಿಂದ ನಾಲ್ಕಾರು ಮೀನು ತಲೆ ತಿರುಗಿಸಿ ಆ ನೀರಿಗೆ ಎದುರಾಗಿ ಬಂದು ನಿಂತವು. ಅವಳು ಅಲ್ಲೇ ನೀರಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಮೇಲಿನ ದಿನಗಳಲ್ಲಿ ಅವಳು ಅವನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು. ತಳದ ಕರಿ ರಾಡಿಯನ್ನು ಬುಟ್ಟಿಯಲ್ಲಿ ಎತ್ತಿ ಹೊಲಕ್ಕೆ ಹಾಕಿದಳು. ಎಮ್ಮೆಗಳು ಮತ್ತೆ ಇಳಿದವು. ಕುಟ್ಟಿಟ್ಟ ಹಿಂಡಿಯನ್ನು ಹೊತ್ತೊಯ್ದು ಗಾಣದವನ ಎತ್ತಿಗೆ ಸುರಿದು ಬಂದಳು. ಮೋಡ ಹರಿಯಿತು, ಗಾಳಿ ಎದ್ದಿತು, ನೀರಿನ ವಾಸನೆ ಹೋಯಿತು. ಉಳಿದ ಮೀನುಗಳ ಹುಣ್ಣು ಮಾಯ್ದು ಹೊಸ ಪೊರೆ ಬಂತು. ಪಟ್ಟಾ ಅವಳ ಹೆಸರಿಗೆ ಆಯಿತು. ಅಂಬಪ್ಪನಿಗೆ ಲಿಂಗಸೂಗೂರಿನಲ್ಲಿ ಸಜಾ ಆಯಿತೆಂದೂ, ಅವನಿಗೆ ಅಲ್ಲಿ ಕಲ್ಲು ಒಡೆಯುವ ಕೆಲಸವೆಂದೂ ಸುದ್ದಿ ಬಂತು. ಗೋಡೆಯ ಆಚೆ ಬದಿಯ ಒಲೆ ಕೆಲವು ದಿನ ಹೊತ್ತುತ್ತಿತ್ತು, ಕೆಲವು ದಿನ ಇಲ್ಲ.

ಒಂದು ಮುಂಜಾನೆ ಬಸ್ಸಮ್ಮ ಕೆರೆಗೆ ಬಂದಳು. ಬಯ್ಯಲು ಬಂದಿದ್ದಾಳೆ ಎಂದು ಯಂಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಬಯ್ಗಳಿಗೆ ಅವಳ ಬಳಿ ಉತ್ತರ ತಯಾರಿತ್ತು. ಬಸ್ಸಮ್ಮ ಬಯ್ಯಲಿಲ್ಲ. ಏರಿಯ ಮೇಲಿಂದ ನೀರನ್ನು ಬಹಳ ಹೊತ್ತು ನೋಡಿದಳು. ನೀರು ತಿಳಿಯಾಗಿ ಸಣ್ಣಗೆ ಅಲೆ ಆಡುತ್ತಿತ್ತು.

"ಈಗ ಮೀನು ಮ್ಯಾಲ ಬರವಲ್ಲವು," ಎಂದಳು.

ಯಂಕಮ್ಮ ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಡಿಸಿದಳು.

"ಕಾಲುವಿ ಬಿಡ್ಸೀದಿ. ರಾಡಿ ತಗದೀದಿ. ಹಿಂಡಿ ಬಿಟ್ಟೀದಿ," ಎಂದಳು ಬಸ್ಸಮ್ಮ, ದನಿ ಎತ್ತದೆ. "ಕಳ್ಳಿ ಹಾಕಿದ ಕೆರಿಗೆ ಇದನ್ನೆಲ್ಲ ಮಾಡಬೇಕು ಅಂತ ನಿನಗ ಯಾರು ಹೇಳಿಕೊಟ್ರು ಯಕ್ಕಾ?"

ಸಾಹೇಬರ ಮುಂದೆ, ಊರ ಮುಂದೆ ಒಂದೇ ಉಸಿರಿಗೆ ಸುಳ್ಳು ಹೇಳಿದ್ದ ಯಂಕಮ್ಮನಿಗೆ ಈ ಹೆಣ್ಣಿನ ಮುಂದೆ ಒಂದು ಸುಳ್ಳೂ ಹುಟ್ಟಲಿಲ್ಲ. ಬಸ್ಸಮ್ಮ ಅವಸರ ಮಾಡಲಿಲ್ಲ. ಉತ್ತರ ಬರಲಿ ಎಂದು ಏರಿಯ ಕಲ್ಲಿನ ಮೇಲೆ ಕೂತಳು. ಹೊತ್ತೇರಿದ ಮೇಲೆ ಎದ್ದು ಮನೆಗೆ ಹೋದಳು. ಮರುದಿನ ಬೆಳಗ್ಗೆ ಯಂಕಮ್ಮ ಬಲೆ ತೆಗೆದುಕೊಂಡು ಬರುವಾಗ ಬಸ್ಸಮ್ಮ ಆಗಲೇ ಬಂದು ಅದೇ ಕಲ್ಲಿನ ಮೇಲೆ ಕೂತಿದ್ದಳು.